ಶ್ರೇಣೀಕೃತ ಚೆಕ್‌ಬಾಕ್ಸ್ ಪಟ್ಟಿ

ಶ್ರೇಣೀಕೃತ ಚೆಕ್‌ಬಾಕ್ಸ್ ಪಟ್ಟಿ ಎಂಬುದು ಜಾಲಪುಟದಲ್ಲಿ ಹಲವು ಅಂಶಗಳನ್ನು ಗುಂಪು, ಉಪಗುಂಪುಗಳಾಗಿ ಜೋಡಿಸಿ, ಪ್ರತಿಯೊಂದರ ಮುಂದೆಯೂ ಗುರುತು ಹಾಕುವ ಚೌಕವೊಂದನ್ನು ಇರಿಸಿದ ಆಯ್ಕೆಪಟ್ಟಿ. ಗುಂಪಿನ ಹೆಸರಿನ ಮುಂದಿರುವ ಚೌಕವನ್ನು ತಾಯಿಚೌಕವೆಂದೂ ಅದರ ಒಳಗೆ ಬರುವ ಚೌಕಗಳನ್ನು ಮರಿಚೌಕಗಳೆಂದೂ ಕರೆಯಬಹುದು. ತನ್ನೊಳಗೆ ಮತ್ತೊಂದು ಪಟ್ಟಿ ಇಲ್ಲದ ಕೊನೆಯ ಹಂತದ ಚೌಕವೇ ಎಲೆಚೌಕ. ತಾಯಿಚೌಕಕ್ಕೆ ಗುರುತು ಹಾಕಿದರೆ ಅದರ ಒಳಗಿನ ಚೌಕಗಳೆಲ್ಲಕ್ಕೂ ಗುರುತು ಬೀಳುತ್ತದೆ. ಒಳಗಿನವುಗಳಲ್ಲಿ ಕೆಲವಕ್ಕೆ ಮಾತ್ರ ಗುರುತಿದ್ದರೆ ತಾಯಿಚೌಕವು ಪೂರ್ಣವೂ ಅಲ್ಲದ, ಖಾಲಿಯೂ ಅಲ್ಲದ ಮಿಶ್ರ ಸ್ಥಿತಿಯನ್ನು ತೋರಿಸುತ್ತದೆ.

ತಂತ್ರಾಂಶಗಳ ಅಳವಡಿಕೆ, ಮಾರಾಟ ತಾಣಗಳಲ್ಲಿ ಸರಕುಗಳ ಸೋಸುವಿಕೆ, ಕಡತಗಳ ಆಯ್ಕೆ, ಬಳಕೆದಾರರ ಅಧಿಕಾರಗಳ ಹಂಚಿಕೆ, ವೈಯಕ್ತಿಕ ಮಾಹಿತಿಯ ಬಳಕೆಗೆ ಸಮ್ಮತಿ ಮೊದಲಾದ ಕಡೆಗಳಲ್ಲಿ ಇಂತಹ ಪಟ್ಟಿಗಳು ಸಾಮಾನ್ಯ. ಇವುಗಳ ರಚನೆಯಲ್ಲಿ ಮುಖ್ಯವಾದ ತತ್ತ್ವವೊಂದಿದೆ: ನಿಜವಾದ ಆಯ್ಕೆ ಇರುವುದು ಎಲೆಚೌಕಗಳಲ್ಲಿ, ತಾಯಿಚೌಕದಲ್ಲಿ ಕಾಣುವುದು ಅವುಗಳ ಸಾರಾಂಶ ಮಾತ್ರ. ಈ ತತ್ತ್ವವನ್ನು ಮರೆತ ಪಟ್ಟಿಗಳಲ್ಲಿ ಬಳಕೆದಾರನು ಕಂಡದ್ದು ಒಂದು, ಗಣಕಕ್ಕೆ ಹೋದದ್ದು ಇನ್ನೊಂದು ಎಂಬ ಸ್ಥಿತಿ ಉಂಟಾಗುತ್ತದೆ.

ಹಿನ್ನೆಲೆ

ಕಾಗದದ ಅರ್ಜಿಗಳಲ್ಲಿ ಅನ್ವಯವಾಗುವ ಅಂಶಗಳ ಎದುರಿನ ಚೌಕದಲ್ಲಿ ಗುರುತು ಹಾಕುವ ಪದ್ಧತಿಯೇ ಗಣಕಯಂತ್ರದ ಚೆಕ್‌ಬಾಕ್ಸಿಗೆ ಮಾದರಿ. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿಯು 1995ರ ನವೆಂಬರಿನಲ್ಲಿ ಪ್ರಕಟವಾದಾಗ ಅದರ ಅರ್ಜಿ ನಮೂನೆಗಳಲ್ಲಿ ಚೆಕ್‌ಬಾಕ್ಸ್ ಸೇರಿತ್ತು. ಅದೇ ವರ್ಷ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯಿಂದಾಗಿ, ಪುಟವನ್ನು ಮತ್ತೆ ತರಿಸಿಕೊಳ್ಳದೆಯೇ ಒಂದು ಚೌಕದ ಬದಲಾವಣೆಯನ್ನು ಇನ್ನೊಂದು ಚೌಕಕ್ಕೆ ತಲುಪಿಸುವುದು ಮುಂದೆ ಸಾಧ್ಯವಾಯಿತು. 1997ರ ಡಿಸೆಂಬರಿನ ಎಚ್‌ಟಿಎಂಎಲ್ 4.0 ಆವೃತ್ತಿಯು ಚೌಕಕ್ಕೆ ಹೆಸರನ್ನು ಜೋಡಿಸುವ ಲೇಬಲ್, ಚೌಕಗಳನ್ನು ಒಂದು ಗುಂಪಾಗಿ ಸೇರಿಸುವ ಫೀಲ್ಡ್‌ಸೆಟ್ ಹಾಗೂ ಆ ಗುಂಪಿಗೆ ಶೀರ್ಷಿಕೆ ಕೊಡುವ ಲೆಜೆಂಡ್ ಎಂಬ ಅಂಶಗಳನ್ನು ಒದಗಿಸಿತು. ದೃಷ್ಟಿದೋಷವುಳ್ಳವರಿಗೆ ನೆರವಾಗುವ ಆರಿಯಾ ಎಂಬ ನಿಯಮಾವಳಿಯ ಮೊದಲ ಆವೃತ್ತಿಯನ್ನು ಡಬ್ಲ್ಯೂ3ಸಿ ಒಕ್ಕೂಟವು 2014ರ ಮಾರ್ಚಿನಲ್ಲಿ ಅಂಗೀಕರಿಸಿತು. ಚೆಕ್‌ಬಾಕ್ಸಿನ ಮಿಶ್ರ ಸ್ಥಿತಿಗೆ ಅದರಲ್ಲಿ ಪ್ರತ್ಯೇಕ ಹೆಸರಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಅಂಗೀಕೃತವಾಯಿತು.

ಚೌಕದ ಮೂರು ನೋಟಗಳು, ಎರಡು ಬೆಲೆಗಳು

ಚೆಕ್‌ಬಾಕ್ಸಿಗೆ ನಿಜವಾಗಿ ಇರುವ ಬೆಲೆಗಳು ಎರಡೇ: ಗುರುತು ಇದೆ ಅಥವಾ ಇಲ್ಲ. ಬ್ರೌಸರು ಇದನ್ನು 'ಚೆಕ್ಡ್' ಎಂಬ ಗುಣದಲ್ಲಿ ಇಟ್ಟುಕೊಳ್ಳುತ್ತದೆ. ಇದಲ್ಲದೆ 'ಇಂಡಿಟರ್ಮಿನೇಟ್' ಎಂಬ ಇನ್ನೊಂದು ಗುಣವಿದೆ. ಅದನ್ನು ಚಾಲೂ ಮಾಡಿದಾಗ ಚೌಕದೊಳಗೆ ಸಾಮಾನ್ಯವಾಗಿ ಒಂದು ಅಡ್ಡಗೆರೆ ಕಾಣಿಸುತ್ತದೆ. ಇದು ಮೂರನೆಯ ಬೆಲೆಯಲ್ಲ, ಒಳಗಿನ ಬೆಲೆಯನ್ನು ಮರೆಮಾಡುವ ಮೂರನೆಯ ನೋಟ. ಅಡ್ಡಗೆರೆಯ ಹಿಂದೆ ಚೌಕವು ಗುರುತುಳ್ಳದ್ದೋ ಇಲ್ಲದ್ದೋ ಆಗಿಯೇ ಇರುತ್ತದೆ. ಅರ್ಜಿಯನ್ನು ಕಳುಹಿಸುವಾಗ ಬ್ರೌಸರು ಆ ಒಳಗಿನ ಬೆಲೆಯನ್ನೇ ಪರಿಗಣಿಸುತ್ತದೆ. ಅಡ್ಡಗೆರೆಯ ಸಂಗತಿ ಸರ್ವರಿಗೆ ತಿಳಿಯುವುದೇ ಇಲ್ಲ.

ಮಿಶ್ರ ಸ್ಥಿತಿಯ ಬಗ್ಗೆ ಇನ್ನೂ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಇದನ್ನು ಎಚ್‌ಟಿಎಂಎಲ್ ಬರಹದಲ್ಲಿಯೇ ಸೂಚಿಸಲು ಬರುವುದಿಲ್ಲ; ಜಾವಾಸ್ಕ್ರಿಪ್ಟಿನ ಮೂಲಕವೇ ಹೊಂದಿಸಬೇಕು. ಎರಡನೆಯದಾಗಿ, ಮಿಶ್ರ ಸ್ಥಿತಿಯ ಚೌಕವನ್ನು ಒತ್ತಿದೊಡನೆ ಬ್ರೌಸರು ಅಡ್ಡಗೆರೆಯನ್ನು ತೆಗೆದು, ಒಳಗಿನ ಬೆಲೆಯನ್ನು ತಿರುವುಮುರುವು ಮಾಡುತ್ತದೆ. ಆದ್ದರಿಂದ ಮಿಶ್ರ ಸ್ಥಿತಿಯಲ್ಲಿ ಒಳಗಿನ ಬೆಲೆಯನ್ನು 'ಗುರುತಿಲ್ಲ' ಎಂದು ಇಟ್ಟರೆ ಮುಂದಿನ ಒತ್ತಿಗೆ ಎಲ್ಲವೂ ಆಯ್ಕೆಯಾಗುತ್ತವೆ. 'ಗುರುತಿದೆ' ಎಂದು ಇಟ್ಟರೆ ಎಲ್ಲವೂ ಅಳಿಸಿಹೋಗುತ್ತವೆ. ಮೊದಲನೆಯ ಕ್ರಮವೇ ಹೆಚ್ಚು ರೂಢಿಯಲ್ಲಿರುವುದು.

ಒಂದು ಉದಾಹರಣೆ

ಕರ್ನಾಟಕದ ಆಡಳಿತ ವಿಭಾಗಗಳು ಇಂತಹ ಪಟ್ಟಿಗೆ ಸಹಜವಾಗಿ ಹೊಂದುತ್ತವೆ. ರಾಜ್ಯದಲ್ಲಿ ಬೆಂಗಳೂರು, ಬೆಳಗಾವಿ, ಕಲಬುರಗಿ ಮತ್ತು ಮೈಸೂರು ಎಂಬ 4 ಕಂದಾಯ ವಿಭಾಗಗಳೂ ಅವುಗಳೊಳಗೆ 31 ಜಿಲ್ಲೆಗಳೂ ಇವೆ. ರಾಜ್ಯವು ಬೇರು, ವಿಭಾಗಗಳು ಕೊಂಬೆಗಳು, ಜಿಲ್ಲೆಗಳು ಎಲೆಗಳು. ಕಲಬುರಗಿ ವಿಭಾಗದ 7 ಜಿಲ್ಲೆಗಳಲ್ಲಿ ಎರಡನ್ನು ಮಾತ್ರ ಆಯ್ದುಕೊಂಡಾಗ ಪಟ್ಟಿಯ ನೋಟ ಹೀಗಿರುತ್ತದೆ:

⊟ ಕರ್ನಾಟಕ
　☐ ಬೆಂಗಳೂರು ವಿಭಾಗ
　☐ ಬೆಳಗಾವಿ ವಿಭಾಗ
　⊟ ಕಲಬುರಗಿ ವಿಭಾಗ
　　☐ ಕಲಬುರಗಿ
　　☑ ಕೊಪ್ಪಳ
　　☐ ಬಳ್ಳಾರಿ
　　☑ ಬೀದರ್
　　☐ ಯಾದಗಿರಿ
　　☐ ರಾಯಚೂರು
　　☐ ವಿಜಯನಗರ
　☐ ಮೈಸೂರು ವಿಭಾಗ

ಇಲ್ಲಿ ☑ ಪೂರ್ಣ ಗುರುತನ್ನೂ ☐ ಖಾಲಿ ಚೌಕವನ್ನೂ ⊟ ಮಿಶ್ರ ಸ್ಥಿತಿಯನ್ನೂ ಸೂಚಿಸುತ್ತವೆ. ಬಳಕೆದಾರನು ಮುಟ್ಟಿದ್ದು ಕೊಪ್ಪಳ ಮತ್ತು ಬೀದರ್ ಎಂಬ ಎರಡು ಎಲೆಗಳನ್ನು ಮಾತ್ರ. ಮೇಲಿನ ಎರಡು ಅಡ್ಡಗೆರೆಗಳು ಲೆಕ್ಕದಿಂದ ಬಂದವು.

ಪುಟದ ರಚನೆ

ಪಟ್ಟಿಯ ಹಂದರವನ್ನು ಎಚ್‌ಟಿಎಂಎಲ್ಲಿನ ಸಾಮಾನ್ಯ ಪಟ್ಟಿಯ ಅಂಶಗಳಿಂದಲೇ ಕಟ್ಟಬಹುದು. ಹೊರಗೆ ಒಂದು ಪಟ್ಟಿ. ಅದರ ಪ್ರತಿ ಸಾಲಿನಲ್ಲಿ ಒಂದು ಚೌಕ ಮತ್ತು ಅದರ ಲೇಬಲ್. ಆ ಸಾಲಿಗೆ ಉಪಗುಂಪು ಇದ್ದರೆ ಲೇಬಲ್ ಮುಗಿದ ಮೇಲೆ ಅದೇ ಸಾಲಿನ ಒಳಗೆ ಇನ್ನೊಂದು ಪಟ್ಟಿ. ಒಳಪಟ್ಟಿಯನ್ನು ಸಾಲಿನ ಒಳಗೆ ಇಡದೆ ಎರಡು ಸಾಲುಗಳ ನಡುವೆ ಇಡುವುದು ಕಲಿಯುವವರು ಪದೇ ಪದೇ ಮಾಡುವ ತಪ್ಪು. ಹಾಗೆ ಮಾಡಿದಾಗ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಯಾವ ಪಟ್ಟಿ ಯಾರ ಮರಿ ಎಂಬ ಸಂಬಂಧವು ರಚನೆಯಲ್ಲಿ ಕಳೆದುಹೋಗುತ್ತದೆ.

ಪ್ರತಿ ಚೌಕಕ್ಕೂ ಲೇಬಲ್ ಇರಲೇಬೇಕು. ಲೇಬಲ್ ಇದ್ದರೆ ಹೆಸರಿನ ಮೇಲೆ ಒತ್ತಿದರೂ ಗುರುತು ಬೀಳುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಚೌಕದ ಹೆಸರು ಸಿಗುತ್ತದೆ. ಆದರೆ ತಾಯಿಚೌಕದ ಲೇಬಲ್ಲಿನೊಳಗೆ ಮರಿಚೌಕಗಳ ಪಟ್ಟಿಯನ್ನೂ ಸೇರಿಸಬಾರದು. ಒಂದು ಲೇಬಲ್ ಒಂದೇ ಚೌಕಕ್ಕೆ ಸೇರಿದ್ದು.

ಆರಂಭದಲ್ಲಿಯೇ ಗುರುತು ಇರಬೇಕಾದ ಎಲೆಗಳಿಗೆ ಎಚ್‌ಟಿಎಂಎಲ್ ಬರಹದಲ್ಲಿ 'ಚೆಕ್ಡ್' ಎಂದು ಸೇರಿಸಬಹುದು. ಬರಹದಲ್ಲಿರುವ ಈ ಪದವು ಆರಂಭದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಬಳಕೆದಾರನು ಚೌಕವನ್ನು ಒತ್ತಿದ ಮೇಲೆ ಈಗಿನ ಸ್ಥಿತಿಯನ್ನು ಜಾವಾಸ್ಕ್ರಿಪ್ಟ್ ಬಳಸುವ ಅದೇ ಹೆಸರಿನ ಗುಣದಲ್ಲಿ ನೋಡಬೇಕು. ನೋಟವನ್ನು ರೂಪಿಸುವ ಸಿಎಸ್‌ಎಸ್ ಭಾಷೆಯಲ್ಲಿಯೂ ಗುರುತುಳ್ಳ ಚೌಕ ಮತ್ತು ಮಿಶ್ರ ಚೌಕಗಳನ್ನು ಹುಡುಕಿ ಬೇರೆ ಬೇರೆ ಬಣ್ಣ ಕೊಡುವ ಆಯ್ಕೆಸೂತ್ರಗಳಿವೆ. ಆದರೆ ಸಿಎಸ್‌ಎಸ್ ಚೌಕದ ಬೆಲೆಯನ್ನು ಬದಲಿಸಲಾರದು. ಬಣ್ಣದಿಂದ ಮಾತ್ರ ಮಿಶ್ರವಾಗಿ ತೋರುವ ತಾಯಿಚೌಕವು ಬ್ರೌಸರಿನ ಲೆಕ್ಕದಲ್ಲಿ ಮಿಶ್ರವಲ್ಲ.

ಸ್ಥಿತಿ ಹರಡುವ ಕ್ರಮ

ಬಳಕೆದಾರನು ಯಾವುದೇ ಚೌಕವನ್ನು ಬದಲಿಸಿದಾಗ ಎರಡು ಕೆಲಸಗಳು ಈ ಅನುಕ್ರಮದಲ್ಲಿ ನಡೆಯಬೇಕು.

1. ಕೆಳಮುಖ ಹರಡುವಿಕೆ: ಬದಲಾದ ಚೌಕದ ಒಳಗೆ ಪಟ್ಟಿ ಇದ್ದರೆ, ಅದರ ಎಲ್ಲ ಹಂತಗಳ ಎಲೆಗಳಿಗೂ ಅದೇ ಬೆಲೆಯನ್ನು ಕೊಡುವುದು.

2. ಮೇಲ್ಮುಖ ಲೆಕ್ಕ: ಅನಂತರ ತಾಯಿಚೌಕಗಳ ಸ್ಥಿತಿಯನ್ನು ಹೊಸದಾಗಿ ಲೆಕ್ಕಹಾಕುವುದು. ಒಂದು ತಾಯಿಚೌಕದ ಒಳಗಿನ ಎಲೆಗಳಲ್ಲಿ ಒಂದಕ್ಕೂ ಗುರುತಿಲ್ಲದಿದ್ದರೆ ಅದು ಖಾಲಿ. ಎಲ್ಲಕ್ಕೂ ಗುರುತಿದ್ದರೆ ಪೂರ್ಣ. ಉಳಿದ ಎಲ್ಲ ಸಂದರ್ಭಗಳಲ್ಲಿ ಮಿಶ್ರ.

ಪ್ರತಿ ಚೌಕಕ್ಕೂ ಪ್ರತ್ಯೇಕವಾಗಿ ಕಾವಲುಗಾರನನ್ನು ನೇಮಿಸುವ ಅಗತ್ಯವಿಲ್ಲ. ಬದಲಾವಣೆಯ ಸುದ್ದಿಯು ಚೌಕದಿಂದ ಹೊರಟು, ಅದನ್ನು ಸುತ್ತುವರಿದ ಅಂಶಗಳ ಮೂಲಕ ಮೇಲಕ್ಕೆ ಏರುತ್ತದೆ. ಹೊರಗಿನ ಪಟ್ಟಿಯಲ್ಲಿ ಒಂದೇ ಕಡೆ ಆಲಿಸಿದರೆ ಒಳಗಿನ ಯಾವ ಚೌಕ ಬದಲಾದರೂ ತಿಳಿಯುತ್ತದೆ. ಮುಂದೆ ಹೊಸ ಸಾಲುಗಳು ಸೇರಿದರೂ ಈ ಏರ್ಪಾಡು ಕೆಲಸ ಮಾಡುತ್ತದೆ. ಜಾವಾಸ್ಕ್ರಿಪ್ಟ್ ತಾನಾಗಿ ಒಂದು ಚೌಕದ ಬೆಲೆಯನ್ನು ಬದಲಿಸಿದಾಗ ಮಾತ್ರ ಇಂತಹ ಸುದ್ದಿ ಹೊರಡುವುದಿಲ್ಲ. ಆದ್ದರಿಂದ ಕೆಳಮುಖವಾಗಿ ಗುರುತು ಹಾಕುವಾಗ ಅದು ಮತ್ತೆ ಮತ್ತೆ ತನ್ನನ್ನೇ ಕರೆದುಕೊಳ್ಳುವ ಭಯವಿಲ್ಲ. ಆದರೆ ಮೇಲ್ಮುಖ ಲೆಕ್ಕವನ್ನು ಕಾರ್ಯಕ್ರಮವೇ ನೆನಪಿನಿಂದ ಮಾಡಬೇಕಾಗುತ್ತದೆ.

ಮೇಲ್ಮುಖ ಲೆಕ್ಕದಲ್ಲಿ ನೇರ ಮರಿಗಳ ಗುರುತುಗಳನ್ನಷ್ಟೇ ಎಣಿಸುವುದು ಅಪಾಯಕಾರಿ. ಮೇಲಿನ ಉದಾಹರಣೆಯಲ್ಲಿ ಕಲಬುರಗಿ ವಿಭಾಗದ ಚೌಕ ಮಿಶ್ರವಾಗಿದೆ, ಅದರ ಒಳಗಿನ ಬೆಲೆ 'ಗುರುತಿಲ್ಲ'. ಉಳಿದ ಮೂರು ವಿಭಾಗಗಳಿಗೂ ಗುರುತಿಲ್ಲ. ನಾಲ್ಕು ವಿಭಾಗಗಳ ಗುರುತುಗಳನ್ನು ಎಣಿಸಿದರೆ ಸೊನ್ನೆ ಬರುತ್ತದೆ. ಕರ್ನಾಟಕದ ಚೌಕವು ಖಾಲಿಯಾಗಿ ಕಾಣುತ್ತದೆ. ಎರಡು ಜಿಲ್ಲೆಗಳು ಆಯ್ಕೆಯಾಗಿದ್ದರೂ ಪಟ್ಟಿಯ ತುದಿಯಲ್ಲಿ ಅದರ ಸುಳಿವೇ ಇರುವುದಿಲ್ಲ. 31 ಎಲೆಗಳಲ್ಲಿ ಎಷ್ಟಕ್ಕೆ ಗುರುತಿದೆ ಎಂದು ಎಣಿಸಿದರೆ 2 ಎಂಬ ಉತ್ತರ ಬಂದು ಸ್ಥಿತಿ ಮಿಶ್ರವೆಂದು ಸರಿಯಾಗಿ ತಿಳಿಯುತ್ತದೆ.

ಒಂದು ಎಲೆಯೂ ಇಲ್ಲದ ಗುಂಪು ಇನ್ನೊಂದು ತೊಡಕು. 'ಎಲ್ಲ ಮರಿಗಳಿಗೂ ಗುರುತಿದೆಯೇ' ಎಂಬ ಪ್ರಶ್ನೆಯನ್ನು ಖಾಲಿ ಗುಂಪಿನ ಬಗ್ಗೆ ಕೇಳಿದರೆ, ತರ್ಕಶಾಸ್ತ್ರದ ನಿಯಮದಂತೆ, ಜಾವಾಸ್ಕ್ರಿಪ್ಟ್ 'ಹೌದು' ಎಂದೇ ಉತ್ತರಿಸುತ್ತದೆ. ಹೀಗಾಗಿ ಏನೂ ಇಲ್ಲದ ಗುಂಪಿನ ಮುಂದೆ ಪೂರ್ಣ ಗುರುತು ಮೂಡಬಹುದು. ಎಲೆಗಳ ಸಂಖ್ಯೆ ಸೊನ್ನೆಯೇ ಎಂದು ಮೊದಲೇ ಪರೀಕ್ಷಿಸುವುದು ಇದಕ್ಕೆ ಪರಿಹಾರ.

ಎಲೆಗಳು ಕೆಲವು ನೂರರಷ್ಟಿದ್ದರೆ ಪ್ರತಿ ಬದಲಾವಣೆಗೂ ಇಡೀ ಪಟ್ಟಿಯ ಲೆಕ್ಕವನ್ನು ಹೊಸದಾಗಿ ಮಾಡುವುದು ಸರಳವೂ ಸುರಕ್ಷಿತವೂ ಆದ ವಿಧಾನ. ಬಹಳ ದೊಡ್ಡ ಪಟ್ಟಿಗಳಲ್ಲಿ ಪ್ರತಿ ತಾಯಿಚೌಕದ ಜೊತೆಗೆ ಅದರ ಒಳಗೆ ಗುರುತುಳ್ಳ ಎಲೆಗಳ ಸಂಖ್ಯೆಯನ್ನು ಇಟ್ಟುಕೊಂಡು, ಬದಲಾದ ಎಲೆಯಿಂದ ಬೇರಿನವರೆಗಿನ ದಾರಿಯಲ್ಲಿ ಮಾತ್ರ ಆ ಸಂಖ್ಯೆಯನ್ನು ತಿದ್ದುತ್ತಾರೆ.

ವಿಶೇಷ ಸಂದರ್ಭಗಳು

ಬದಲಿಸಲಾಗದ ಚೌಕಗಳು: ಕೆಲವು ಎಲೆಗಳನ್ನು ಬಳಕೆದಾರನು ಮುಟ್ಟದಂತೆ ನಿಷ್ಕ್ರಿಯಗೊಳಿಸಿರಬಹುದು. ತಾಯಿಚೌಕವನ್ನು ಒತ್ತಿದಾಗ ಇಂತಹ ಎಲೆಗಳು ಬದಲಾಗಬಾರದು. ಗುರುತಿಲ್ಲದ ನಿಷ್ಕ್ರಿಯ ಎಲೆಯೊಂದಿದ್ದರೆ ಉಳಿದೆಲ್ಲಕ್ಕೂ ಗುರುತು ಬಿದ್ದ ಮೇಲೂ ತಾಯಿಚೌಕ ಮಿಶ್ರವಾಗಿಯೇ ಉಳಿಯುತ್ತದೆ. ಮತ್ತೆ ಒತ್ತಿದರೂ 'ಎಲ್ಲವನ್ನೂ ಆಯ್ದುಕೊ' ಎಂಬ ಆಜ್ಞೆಯೇ ಹೊರಟು, ಒಮ್ಮೆಗೇ ಎಲ್ಲವನ್ನೂ ಅಳಿಸುವ ದಾರಿ ಮುಚ್ಚಿಹೋಗುತ್ತದೆ. ಬದಲಿಸಬಹುದಾದ ಎಲೆಗಳೆಲ್ಲಕ್ಕೂ ಈಗಾಗಲೇ ಗುರುತಿದ್ದರೆ ಅಳಿಸುವುದು, ಇಲ್ಲವಾದರೆ ಗುರುತು ಹಾಕುವುದು ಎಂಬ ನಿಯಮದಿಂದ ಈ ಬಿಕ್ಕಟ್ಟು ತೀರುತ್ತದೆ.

ಪುಟದ ಮರುತೆರೆಯುವಿಕೆ: ಹಿಂದಿನ ಪುಟಕ್ಕೆ ಮರಳಿದಾಗ ಅಥವಾ ಪುಟವನ್ನು ಮತ್ತೆ ತೆರೆದಾಗ ಕೆಲವು ಬ್ರೌಸರುಗಳು ಎಲೆಗಳ ಗುರುತುಗಳನ್ನು ನೆನಪಿನಿಂದ ತುಂಬುತ್ತವೆ. ತಾಯಿಚೌಕಗಳ ಮಿಶ್ರ ಸ್ಥಿತಿಯು ಇದಕ್ಕೆ ಹೊಂದಿಕೊಂಡಿರುತ್ತದೆಂಬ ಭರವಸೆಯಿಲ್ಲ. ಪುಟ ಸಿದ್ಧವಾದ ಮೇಲೆ ಒಮ್ಮೆ ಮೇಲ್ಮುಖ ಲೆಕ್ಕ ನಡೆಸಬೇಕು. ಅರ್ಜಿಯನ್ನು ಮೊದಲಿನಂತಾಗಿಸುವ ಗುಂಡಿಯನ್ನು ಒತ್ತಿದಾಗಲೂ ಹೀಗೆಯೇ ಮಾಡಬೇಕು. ಆ ಗುಂಡಿಯ ಸುದ್ದಿಯು ಚೌಕಗಳು ಬದಲಾಗುವ ಮುನ್ನವೇ ಹೊರಡುವುದರಿಂದ ಲೆಕ್ಕವನ್ನು ಒಂದು ಕ್ಷಣ ತಡೆದು ಮಾಡುವುದು ಅವಶ್ಯ.

ಸೋಸಿದ ಪಟ್ಟಿ: ಉದ್ದನೆಯ ಪಟ್ಟಿಗಳ ಮೇಲೆ ಹುಡುಕುವ ಸ್ಥಳವಿರುತ್ತದೆ. ಹುಡುಕಾಟದಿಂದ ಮೂರು ಜಿಲ್ಲೆಗಳು ಮಾತ್ರ ಕಾಣುತ್ತಿರುವಾಗ ವಿಭಾಗದ ಚೌಕವನ್ನು ಒತ್ತಿದರೆ ಕಾಣುವ ಮೂರಕ್ಕೆ ಮಾತ್ರ ಗುರುತು ಬೀಳಬೇಕೇ, ಮರೆಯಾಗಿರುವ ನಾಲ್ಕಕ್ಕೂ ಬೀಳಬೇಕೇ? ಯಾವುದನ್ನು ಒಪ್ಪಿಕೊಂಡರೂ ಅದನ್ನು ಲೇಬಲ್ಲಿನಲ್ಲಿ ಸ್ಪಷ್ಟಪಡಿಸಬೇಕು. 'ಕಾಣುತ್ತಿರುವ 3 ಜಿಲ್ಲೆಗಳನ್ನು ಆಯ್ಕೆಮಾಡಿ' ಎಂದು ಬರೆದರೆ ಸಂದೇಹಕ್ಕೆ ಎಡೆಯಿಲ್ಲ.

ಆಕಸ್ಮಿಕ ಒತ್ತು: ಬಹಳ ಹೊತ್ತು ಕುಳಿತು ಒಂದೊಂದಾಗಿ ಆಯ್ದ ಗುರುತುಗಳು ತಾಯಿಚೌಕದ ಮೇಲಿನ ಒಂದೇ ಒತ್ತಿನಿಂದ ಅಳಿಸಿಹೋಗಬಹುದು. ಇದನ್ನು ತಪ್ಪಿಸಲು ಕೆಲವು ಪಟ್ಟಿಗಳು ಕೊನೆಯ ಮಿಶ್ರ ಆಯ್ಕೆಯನ್ನು ನೆನಪಿಟ್ಟುಕೊಂಡು, ಪೂರ್ಣ ಮತ್ತು ಖಾಲಿ ಸ್ಥಿತಿಗಳ ನಂತರದ ಒತ್ತಿಗೆ ಅದನ್ನೇ ಮರಳಿಸುತ್ತವೆ. 'ಹಿಂದಿನಂತೆ ಮಾಡು' ಎಂಬ ಗುಂಡಿಯನ್ನು ಒದಗಿಸುವುದು ಇನ್ನೊಂದು ಮಾರ್ಗ.

ಮಾಹಿತಿಯ ರವಾನೆ ಮತ್ತು ಸಂಗ್ರಹ

ಅರ್ಜಿಯನ್ನು ಕಳುಹಿಸಿದಾಗ ಗುರುತಿರುವ ಚೌಕಗಳ ಹೆಸರು ಮತ್ತು ಬೆಲೆಗಳು ಮಾತ್ರ ಸರ್ವರಿಗೆ ಹೋಗುತ್ತವೆ. ಗುರುತಿಲ್ಲದ ಚೌಕಗಳೂ ನಿಷ್ಕ್ರಿಯ ಚೌಕಗಳೂ ಹೋಗುವುದಿಲ್ಲ. ಚೌಕಕ್ಕೆ ಬೆಲೆಯನ್ನೇ ಸೂಚಿಸದಿದ್ದರೆ 'ಆನ್' ಎಂಬ ಪದ ಹೋಗುತ್ತದೆ. ಎಲ್ಲ ಜಿಲ್ಲೆಗಳಿಗೂ ಒಂದೇ ಹೆಸರಿದ್ದು ಬೆಲೆಯಿಲ್ಲದಿದ್ದರೆ ಯಾವ ಜಿಲ್ಲೆ ಆಯ್ಕೆಯಾಯಿತೆಂದು ಸರ್ವರಿಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಪ್ರತಿ ಎಲೆಗೂ ಅದರದೇ ಬೆಲೆ ಇರಬೇಕು. ತಾಯಿಚೌಕಗಳಿಗೆ ಹೆಸರನ್ನು ಕೊಡದೆ ಬಿಟ್ಟರೆ ಅವು ರವಾನೆಯಲ್ಲಿ ಸೇರುವುದಿಲ್ಲ; ಎಲೆಗಳಷ್ಟೇ ಹೋಗುತ್ತವೆ.

ಎಲೆಗಳನ್ನು ಮಾತ್ರ ಸಂಗ್ರಹಿಸಬೇಕೇ, ತಾಯಿಚೌಕವನ್ನೂ ಸಂಗ್ರಹಿಸಬೇಕೇ ಎಂಬ ಪ್ರಶ್ನೆಯ ಮಹತ್ತ್ವವು ಪಟ್ಟಿ ಬೆಳೆದಾಗ ಗೊತ್ತಾಗುತ್ತದೆ. ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಅದಕ್ಕೂ ಮೊದಲು ಒಬ್ಬ ಬಳಕೆದಾರನು ಕಲಬುರಗಿ ವಿಭಾಗವನ್ನು ಪೂರ್ಣವಾಗಿ ಆಯ್ದಿದ್ದನೆಂದು ಭಾವಿಸಿದರೆ, ಅವನ ಹೆಸರಿನಲ್ಲಿ ಆಗಿನ 6 ಜಿಲ್ಲೆಗಳು ದಾಖಲಾಗಿರುತ್ತವೆ. ಪಟ್ಟಿಗೆ ವಿಜಯನಗರ ಸೇರಿದ ಮೇಲೆ ಅವನು ಪುಟವನ್ನು ತೆರೆದರೆ ವಿಭಾಗದ ಚೌಕ ಮಿಶ್ರವಾಗಿ ಕಾಣುತ್ತದೆ. ಅವನು ಏನನ್ನೂ ಬದಲಿಸಿಲ್ಲ. ಆದರೂ ಪೂರ್ಣವಾಗಿದ್ದ ಗುರುತು ಅಡ್ಡಗೆರೆಯಾಗಿದೆ. ಬಳ್ಳಾರಿಯ ಗುರುತು ಉಳಿದಿದ್ದರೂ ಮೊದಲು ಆ ಗುರುತಿನಲ್ಲಿ ಅಡಕವಾಗಿದ್ದ ಹೊಸಪೇಟೆಯ ಪ್ರದೇಶವು ಈಗ ಆಯ್ಕೆಯಿಂದ ಹೊರಗಿದೆ.

'ಕಲಬುರಗಿ ವಿಭಾಗ' ಎಂದೇ ದಾಖಲಿಸಿದ್ದರೆ ಹೊಸ ಜಿಲ್ಲೆಯು ತಾನಾಗಿ ಸೇರಿಕೊಳ್ಳುತ್ತಿತ್ತು. ಸುದ್ದಿ ಅಥವಾ ಹವಾಮಾನದ ಸೂಚನೆ ಪಡೆಯುವ ಪಟ್ಟಿಯಲ್ಲಿ ಇದು ಅನುಕೂಲ. ಆದರೆ ಅಧಿಕಾರ ಹಂಚುವ ಅಥವಾ ಸಮ್ಮತಿ ನೀಡುವ ಪಟ್ಟಿಯಲ್ಲಿ, ಕೇಳದೇ ಇದ್ದ ಸಂಗತಿಯೊಂದಕ್ಕೆ ಹಳೆಯ ಒಪ್ಪಿಗೆಯನ್ನು ವಿಸ್ತರಿಸಿದಂತಾಗುತ್ತದೆ. 'ಈಗಿರುವ ಎಲ್ಲವೂ' ಎಂಬುದು ಎಲೆಗಳ ಮೊತ್ತ. 'ಮುಂದೆ ಬರುವುದೂ ಸೇರಿ ಎಲ್ಲವೂ' ಎಂಬುದು ಬೇರೆಯೇ ಆದ ಒಂದು ಆಯ್ಕೆ. ಎರಡನೆಯದು ಬೇಕಿದ್ದರೆ ಅದಕ್ಕೆ ತನ್ನದೇ ಚೌಕವೂ ಸ್ಪಷ್ಟವಾದ ಲೇಬಲ್ಲೂ ಇರಬೇಕು. ತಾಯಿಚೌಕದ ಗುರುತಿನಿಂದ ಅದನ್ನು ಊಹಿಸಬಾರದು.

ತೆರೆದು ಮುಚ್ಚುವ ಪಟ್ಟಿ

ದೊಡ್ಡ ಪಟ್ಟಿಗಳಲ್ಲಿ ಒಳಪಟ್ಟಿಗಳನ್ನು ಮಡಚಿಡುವುದುಂಟು. ಜಾವಾಸ್ಕ್ರಿಪ್ಟ್ ಇಲ್ಲದೆಯೇ ತೆರೆದು ಮುಚ್ಚಬಲ್ಲ 'ಡೀಟೇಲ್ಸ್' ಮತ್ತು 'ಸಮ್ಮರಿ' ಎಂಬ ಅಂಶಗಳು ಎಚ್‌ಟಿಎಂಎಲ್ಲಿನಲ್ಲಿವೆ. ಆದರೆ ಸಮ್ಮರಿ ಅಂಶವು ತಾನೇ ಒಂದು ಗುಂಡಿಯಂತೆ ವರ್ತಿಸುವುದರಿಂದ ಅದರೊಳಗೆ ತಾಯಿಚೌಕವನ್ನು ಇಡುವುದು ಗೊಂದಲಕ್ಕೆ ಕಾರಣ. ತೆರೆಯುವ ಗುಂಡಿ ಬೇರೆ, ಆಯ್ಕೆಯ ಚೌಕ ಬೇರೆ ಇದ್ದರೆ ನೋಡಲು ತೆರೆದವನು ತಿಳಿಯದೆ ಆಯ್ಕೆ ಮಾಡುವ ಪ್ರಮಾದ ತಪ್ಪುತ್ತದೆ. ಪಟ್ಟಿ ಮುಚ್ಚಿರುವಾಗ ಒಳಗಿನ ಸ್ಥಿತಿಗೆ ತಾಯಿಚೌಕವೊಂದೇ ಸಾಕ್ಷಿಯಾದ್ದರಿಂದ ಅದರ ಪಕ್ಕದಲ್ಲಿ '7ರಲ್ಲಿ 2' ಎಂಬಂತೆ ಸಂಖ್ಯೆಯನ್ನೂ ತೋರಿಸುವುದು ಒಳ್ಳೆಯದು.

ಎಲ್ಲರಿಗೂ ಎಟುಕುವಿಕೆ

ಇಲಿಯನ್ನು ಬಳಸಲಾರದವರು ಕೀಲಿಮಣೆಯ ಟ್ಯಾಬ್ ಕೀಲಿಯಿಂದ ಒಂದು ಚೌಕದಿಂದ ಮುಂದಿನದಕ್ಕೆ ಹೋಗಿ, ಸ್ಪೇಸ್ ಕೀಲಿಯಿಂದ ಗುರುತು ಹಾಕುತ್ತಾರೆ. ಬ್ರೌಸರಿನ ಸಹಜ ಚೆಕ್‌ಬಾಕ್ಸನ್ನೇ ಬಳಸಿದರೆ ಈ ಸೌಲಭ್ಯಗಳು ತಾವಾಗಿಯೇ ದೊರೆಯುತ್ತವೆ. ಮಿಶ್ರ ಸ್ಥಿತಿಯನ್ನೂ ಪರದೆಯೋದುಗ ತಂತ್ರಾಂಶಗಳಿಗೆ ಬ್ರೌಸರೇ ತಿಳಿಸುತ್ತದೆ. ಅಂದಕ್ಕಾಗಿ ಸಹಜ ಚೌಕವನ್ನು ತೆಗೆದು ಚಿತ್ರವೊಂದನ್ನು ಇರಿಸಿದರೆ ಇವೆಲ್ಲವನ್ನೂ ರಚನಾಕಾರನೇ ಮತ್ತೆ ಕಟ್ಟಬೇಕು: ಅದು ಚೆಕ್‌ಬಾಕ್ಸ್ ಎಂಬ ಘೋಷಣೆ, ಗುರುತು ಇದೆ, ಇಲ್ಲ ಅಥವಾ ಮಿಶ್ರ ಎಂಬ ಆರಿಯಾ ಸೂಚನೆ, ಕೀಲಿಗಳಿಗೆ ಪ್ರತಿಕ್ರಿಯೆ. ಇವುಗಳಲ್ಲಿ ಒಂದು ತಪ್ಪಿದರೂ ದೃಷ್ಟಿಯಿಲ್ಲದ ಬಳಕೆದಾರನಿಗೆ ಪಟ್ಟಿಯೇ ಇಲ್ಲದಂತಾಗುತ್ತದೆ.

ಕಣ್ಣಿಗೆ ಕಾಣುವ ಒಳಸರಿತವು ಕಿವಿಗೆ ಕೇಳುವುದಿಲ್ಲ. ಆದ್ದರಿಂದ ಒಳಪಟ್ಟಿಯನ್ನು ಗುಂಪೆಂದು ಘೋಷಿಸಿ, ಅದಕ್ಕೆ ತಾಯಿಚೌಕದ ಹೆಸರನ್ನೇ ಶೀರ್ಷಿಕೆಯಾಗಿ ಜೋಡಿಸಬೇಕು. ಡಬ್ಲ್ಯೂ3ಸಿ ಒಕ್ಕೂಟದ ಮಾರ್ಗಸೂಚಿಯ 2.1ನೆಯ ಆವೃತ್ತಿಯ ಪ್ರಕಾರ ಚೌಕದ ಅಂಚು, ಗುರುತು ಮುಂತಾದವು ಪಕ್ಕದ ಬಣ್ಣದೊಂದಿಗೆ ಕನಿಷ್ಠ 3:1ರ ವ್ಯತ್ಯಾಸ ಹೊಂದಿರಬೇಕು. 2023ರ ಅಕ್ಟೋಬರಿನಲ್ಲಿ ಬಂದ 2.2ನೆಯ ಆವೃತ್ತಿಯು ಒತ್ತುವ ಜಾಗವು ಸಾಮಾನ್ಯವಾಗಿ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರಕ್ಕೆ ಕಡಿಮೆಯಾಗಬಾರದೆಂದು ಹೇಳುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಮೊಬೈಲಿನ ಚಿಕ್ಕ ಪರದೆಯಲ್ಲಿ ಬೆರಳಿನಿಂದ ಒತ್ತುವವರಿಗೆ ಇದು ಬಹು ಮುಖ್ಯ. ಒಳಸರಿತದಿಂದ ಒತ್ತಾಗಿ ಕೂತ ಚೌಕಗಳಲ್ಲಿ ಮರಿಯ ಬದಲು ತಾಯಿಯನ್ನು ಒತ್ತಿಬಿಡುವುದು ಸುಲಭ.

ಕನ್ನಡ ಪುಟಗಳಲ್ಲಿ

ಕನ್ನಡದ ಪುಟಕ್ಕೆ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್ಲಿನಲ್ಲಿ ಘೋಷಿಸಿರಬೇಕು. ಹಾಗಿದ್ದರೆ ಪರದೆಯೋದುಗ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಸಾಧ್ಯವಾಗುತ್ತದೆ. ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶವು ಬಳಸುವ ಇಸ್ಪೀಕ್ ಎನ್‌ಜಿ ಧ್ವನಿಯಂತ್ರಕ್ಕೆ ಕನ್ನಡವೂ ತಿಳಿದಿದೆ. ವಿಭಕ್ತಿ, ಸಮಾಸಗಳಿಂದ ಉದ್ದವಾಗುವ ಕನ್ನಡ ಲೇಬಲ್ಲುಗಳು ಎರಡನೆಯ ಸಾಲಿಗೆ ಇಳಿಯುವುದು ಸಾಮಾನ್ಯ. ಆ ಸಾಲು ಚೌಕದ ಕೆಳಗೆ ಬರದೆ, ಮೊದಲ ಸಾಲಿನ ಅಕ್ಷರಗಳ ಕೆಳಗೇ ಬರುವಂತೆ ಸಿಎಸ್‌ಎಸ್‌ನಲ್ಲಿ ಏರ್ಪಡಿಸದಿದ್ದರೆ ಅದು ಇನ್ನೊಂದು ಹಂತದ ಅಂಶವೆಂದು ತೋರಬಹುದು.

ಹುಡುಕಾಟದಲ್ಲಿ ಯೂನಿಕೋಡಿನ ತೊಡಕೊಂದಿದೆ. 'ಕೊಪ್ಪಳ' ಎಂಬ ಹೆಸರಿನ ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಪಟ್ಟಿಯ ಹೆಸರನ್ನೂ ಹುಡುಕುವ ಪದವನ್ನೂ ಜಾವಾಸ್ಕ್ರಿಪ್ಟಿನ 'ನಾರ್ಮಲೈಸ್' ಎಂಬ ಕ್ರಿಯೆಯಿಂದ ಒಂದೇ ರೂಪಕ್ಕೆ ತಂದು ಹೋಲಿಸಿದರೆ ಇರುವ ಜಿಲ್ಲೆ ಇಲ್ಲವೆಂದು ತೋರುವ ದೋಷ ನಿವಾರಣೆಯಾಗುತ್ತದೆ.

ಸಮ್ಮತಿಯ ಪಟ್ಟಿಗಳು ಮತ್ತು ಕಾನೂನು

ಸಮ್ಮತಿಯ ಪಟ್ಟಿಗಳಲ್ಲಿ ಚೌಕದ ಗುರುತಿಗೆ ಕಾನೂನಿನ ಅರ್ಥವಿದೆ. 2018ರ ಮೇ 25ರಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿಯ ಪೀಠಿಕೆಯು ಮೌನ, ಮೊದಲೇ ಗುರುತು ಹಾಕಿದ ಚೌಕ ಮತ್ತು ನಿಷ್ಕ್ರಿಯತೆಗಳನ್ನು ಸಮ್ಮತಿಯೆಂದು ಎಣಿಸಲಾಗದೆಂದು ಹೇಳುತ್ತದೆ. ಜರ್ಮನಿಯ ಪ್ಲಾನೆಟ್49 ಸಂಸ್ಥೆಯ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು 2019ರ ಅಕ್ಟೋಬರ್ 1ರಂದು, ಬಳಕೆದಾರನೇ ತೆಗೆಯಬೇಕಾದ ಪೂರ್ವನಿಶ್ಚಿತ ಗುರುತು ಕುಕಿಗಳ ಬಳಕೆಗೆ ಸಿಂಧುವಾದ ಸಮ್ಮತಿಯಲ್ಲವೆಂದು ತೀರ್ಪಿತ್ತಿತು. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಹ ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ಸಂದಿಗ್ಧವಲ್ಲದ್ದೂ ಆಗಿರಬೇಕೆಂದೂ ಸ್ಪಷ್ಟ ಕ್ರಿಯೆಯಿಂದ ವ್ಯಕ್ತವಾಗಬೇಕೆಂದೂ ವಿಧಿಸುತ್ತದೆ.

ಈ ದೃಷ್ಟಿಯಿಂದ 'ಎಲ್ಲಕ್ಕೂ ಒಪ್ಪಿಗೆ' ಎಂಬ ತಾಯಿಚೌಕವು ಎಚ್ಚರದಿಂದ ಬಳಸಬೇಕಾದ ಸಾಧನ. ಮುಚ್ಚಿದ ಒಳಪಟ್ಟಿಯಲ್ಲಿ ಏನೇನಿದೆ ಎಂಬುದನ್ನು ನೋಡದೆಯೇ ಒಂದು ಒತ್ತಿನಿಂದ ಹತ್ತಾರು ಒಪ್ಪಿಗೆಗಳು ಬೀಳಬಹುದು. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವಾಗ ಎಲೆಗಳನ್ನು ಒಂದೊಂದಾಗಿ ಹುಡುಕಬೇಕಾದರೆ ಅನ್ಯಾಯ ಇನ್ನೂ ಹೆಚ್ಚು. ಹಾಕಿದಷ್ಟೇ ಸುಲಭವಾಗಿ ಗುರುತನ್ನು ತೆಗೆಯಲು ಬರುವುದು ಒಳ್ಳೆಯ ರಚನೆಯ ಲಕ್ಷಣ.

ಪರೀಕ್ಷೆ

ಸಿದ್ಧವಾದ ಪಟ್ಟಿಯನ್ನು ಈ ಕೆಳಗಿನಂತೆ ಪರೀಕ್ಷಿಸಬಹುದು:

• ಅತಿ ಆಳದ ಎಲೆಯೊಂದಕ್ಕೆ ಮಾತ್ರ ಗುರುತು ಹಾಕಿದಾಗ ಬೇರಿನವರೆಗೂ ಮಿಶ್ರ ಸ್ಥಿತಿ ಕಾಣಬೇಕು.
• ಒಂದು ಗುಂಪಿನ ಎಲೆಗಳಿಗೆ ಒಂದೊಂದಾಗಿ ಗುರುತು ಹಾಕುತ್ತ ಬಂದಾಗ ಕೊನೆಯ ಎಲೆಯೊಡನೆ ತಾಯಿಚೌಕ ಪೂರ್ಣವಾಗಬೇಕು.
• ಪೂರ್ಣವಾದ ಗುಂಪಿನಿಂದ ಒಂದು ಗುರುತನ್ನು ತೆಗೆದರೆ ತಾಯಿಚೌಕ ಮಿಶ್ರವಾಗಬೇಕು. ಉಳಿದ ಎಲೆಗಳು ಬದಲಾಗಬಾರದು.
• ಪುಟವನ್ನು ಮತ್ತೆ ತೆರೆದಾಗ, ಅರ್ಜಿಯನ್ನು ಮೊದಲಿನಂತಾಗಿಸಿದಾಗ ತಾಯಿಚೌಕಗಳು ಎಲೆಗಳಿಗೆ ಹೊಂದಿಕೊಂಡಿರಬೇಕು.
• ಕೀಲಿಮಣೆಯೊಂದರಿಂದಲೇ ಎಲ್ಲ ಚೌಕಗಳನ್ನೂ ತಲುಪಲು ಸಾಧ್ಯವಾಗಬೇಕು.
• ಸರ್ವರಿಗೆ ತಲುಪಿದ ಎಲೆಗಳ ಪಟ್ಟಿ ಪರದೆಯ ಮೇಲೆ ಕಂಡ ಗುರುತುಗಳಿಗೆ ಸರಿಹೊಂದಬೇಕು.

ಮಿತಿಗಳು

ಎಲ್ಲ ಆಯ್ಕೆಗಳಿಗೂ ಈ ವಿನ್ಯಾಸ ಹೊಂದುವುದಿಲ್ಲ. ಹಲವುಗಳಲ್ಲಿ ಒಂದನ್ನೇ ಆರಿಸಬೇಕಾದಲ್ಲಿ ರೇಡಿಯೊ ಗುಂಡಿಗಳು ಸೂಕ್ತ. ತಾಯಿ ಅಂಶವು ಮರಿಗಳ ಮೊತ್ತವಾಗಿರದೆ ತನ್ನದೇ ಅರ್ಥ ಹೊಂದಿದ್ದರೆ ಸ್ಥಿತಿಯನ್ನು ಹರಡುವುದು ತಪ್ಪು. ಉದಾಹರಣೆಗೆ, ಕೆಲಸಗಳ ಪಟ್ಟಿಯಲ್ಲಿ 'ಪುಸ್ತಕದ ಮುದ್ರಣ' ಎಂಬ ಕೆಲಸದ ಕೆಳಗಿನ ಮೂರು ಉಪಕೆಲಸಗಳು ಮುಗಿದ ಮಾತ್ರಕ್ಕೆ ಮುದ್ರಣವೇ ಮುಗಿದಿದೆ ಎನ್ನಲಾಗದು. ಅಂತಹ ಕಡೆ ತಾಯಿಚೌಕವನ್ನು ಸ್ವತಂತ್ರವಾಗಿ ಬಿಡುವುದೇ ಸರಿ. ಒಂದೇ ಎಲೆಯು ಎರಡು ಗುಂಪುಗಳಿಗೆ ಸೇರುವ ಸಂದರ್ಭದಲ್ಲಿ ಎರಡೂ ಕಡೆಯ ಚೌಕಗಳನ್ನು ಒಟ್ಟಿಗೇ ಬದಲಿಸಬೇಕಾಗುತ್ತದೆ. ಹಂತಗಳು ಮೂರಕ್ಕಿಂತ ಹೆಚ್ಚಾದಂತೆ ಚಿಕ್ಕ ಪರದೆಗಳಲ್ಲಿ ಒಳಸರಿತಕ್ಕೆ ಜಾಗ ಸಾಲದೆ ಹೋಗುವುದರಿಂದ ಪ್ರತಿ ಹಂತವನ್ನೂ ಬೇರೆ ಪುಟದಲ್ಲಿ ತೋರಿಸುವ ಕ್ರಮವೂ ಉಂಟು.